ಮಡಿಕೆಯ ಗೆರೆ ಅಳಿಸುವ ಪೈಪೋಟಿ

ಅಂದು 2018ರ ನವೆಂಬರ್ 7. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ದಕ್ಷಿಣ ಕೊರಿಯಾದ ಸ್ಯಾಮ್‌ಸಂಗ್ ಕಂಪನಿ ಏರ್ಪಡಿಸಿದ್ದ ಸಾಫ್ಟ್‌ವೇರ್ ತಂತ್ರಜ್ಞರ ಸಮಾವೇಶ. ವೇದಿಕೆಯ ಮೇಲಿದ್ದ ಕಂಪನಿಯ ಅಧಿಕಾರಿ ಜಸ್ಟಿನ್ ಡೆನಿಸನ್ ಕೋಟಿನ ಜೇಬಿನಿಂದ ಒಂದು ವಸ್ತುವನ್ನು ಹೊರತೆಗೆದರು. ಸಭಾಂಗಣದ ದೀಪಗಳನ್ನು ಮಂದ ಮಾಡಲಾಗಿತ್ತು. ಆ ಅರೆಗತ್ತಲಲ್ಲಿ ಸಭಿಕರಿಗೆ ಕಂಡದ್ದು ಹೊಳೆಯುವ ಪರದೆಯೊಂದೇ. ಬಿಚ್ಚಿದರೆ ಪುಟ್ಟ ಪುಸ್ತಕದಷ್ಟು ಅಗಲ, ಮಡಚಿದರೆ ಜೇಬಿಗೆ ಇಳಿಯುವ ಫೋನು. ಯಂತ್ರದ ನಿಜವಾದ ರೂಪ ಯಾರಿಗೂ ತಿಳಿಯಬಾರದೆಂದು ಅದಕ್ಕೊಂದು ದಪ್ಪನೆಯ ಕವಚ ತೊಡಿಸಲಾಗಿತ್ತು. ಒಂದು ನಿಮಿಷ ಕಳೆಯುವುದರೊಳಗೆ ಅದು ಮತ್ತೆ ಜೇಬು ಸೇರಿತು.

ಮಾರಾಟಕ್ಕೆ ಇನ್ನೂ ಸಿದ್ಧವಾಗದ ವಸ್ತುವನ್ನು ಕತ್ತಲಲ್ಲಿ ತೋರಿಸಿ ಬಚ್ಚಿಡುವ ಪ್ರಮೇಯವಾದರೂ ಏನಿತ್ತು? ಪೈಪೋಟಿ ಆಗಲೇ ಬಿಸಿಯೇರಿತ್ತು ಎಂಬುದೇ ಇದಕ್ಕೆ ಉತ್ತರ. ಅದಕ್ಕೆ ಸರಿಯಾಗಿ ಒಂದು ವಾರ ಮೊದಲು, ಅಕ್ಟೋಬರ್ 31ರಂದು, ಚೀನಾದ ರಾಜಧಾನಿ ಬೀಜಿಂಗ್‌ನಲ್ಲಿ ರೊಯೋಲ್ ಎಂಬ, ಹೊರಜಗತ್ತಿಗೆ ಅಷ್ಟಾಗಿ ಪರಿಚಯವಿಲ್ಲದ ಕಂಪನಿ ‘ಫ್ಲೆಕ್ಸ್‌ಪೈ’ ಎಂಬ ಫೋನನ್ನು ಬೆಳಕಿನಲ್ಲೇ ಮಡಚಿ ತೋರಿಸಿ, ಅದರ ಬೆಲೆಯನ್ನೂ ಸಾರಿಬಿಟ್ಟಿತ್ತು. ಪರದೆಯೇ ಮಡಚಿಕೊಳ್ಳುವ ಫೋನನ್ನು ಜಗತ್ತಿಗೆ ಮೊದಲು ಕೊಟ್ಟವರು ಎಂಬ ಹಿರಿಮೆ ಆ ಪುಟ್ಟ ಕಂಪನಿಯ ಪಾಲಾಯಿತು.

ಮುಂದಿನ ಏಳೆಂಟು ವರ್ಷಗಳಲ್ಲಿ ನಡೆದದ್ದು ಆಧುನಿಕ ಉದ್ಯಮದ ಇತಿಹಾಸದಲ್ಲೇ ಕುತೂಹಲಕರವಾದ ಒಂದು ಓಟ. ಈ ಓಟದಲ್ಲಿ ಮೊದಲು ಗುರಿ ಮುಟ್ಟಿದವನೇ ನೆಲ ಕಚ್ಚಿದ. ಎರಡನೆಯವನು ಊರೆಲ್ಲರೆದುರು ಎಡವಿ ಬಿದ್ದು ಎದ್ದ. ಮೂರನೆಯವನ ಕಾಲಿಗೆ ರಾಜಕೀಯ ಸಂಕೋಲೆ ತೊಡಿಸಿತು. ಹಿಂದೆ ಬಂದವರು ಮುಂದಿನವರ ತಪ್ಪುಗಳನ್ನು ನೋಡಿ ಕಲಿತರು.

ಕೀಲು ಹಳೆಯದು, ಪರದೆ ಹೊಸದು

ಮಡಚುವ ಫೋನು ಎಂಬ ಕಲ್ಪನೆ ಹೊಸದೇನಲ್ಲ. ಅಮೆರಿಕದ ಮೊಟೊರೋಲಾ ಕಂಪನಿ 1996ರಲ್ಲೇ ‘ಸ್ಟಾರ್‌ಟ್ಯಾಕ್’ ಎಂಬ, ಕಪ್ಪೆಚಿಪ್ಪಿನಂತೆ ತೆರೆದು ಮುಚ್ಚುವ ಮೊಬೈಲನ್ನು ಹೊರತಂದಿತ್ತು. 2004ರಲ್ಲಿ ಅದೇ ಕಂಪನಿಯ ‘ರೇಝರ್’ ಬಂದಾಗ ಜನ ಮುಗಿಬಿದ್ದು ಕೊಂಡರು. ಆ ಮಾದರಿಯ ಫೋನುಗಳು 13 ಕೋಟಿಗೂ ಹೆಚ್ಚು ಖರ್ಚಾದವು. ಮಾತು ಮುಗಿದ ಮೇಲೆ ‘ಟಪ್’ ಎಂದು ಮುಚ್ಚುವುದೇ ಆ ಕಾಲದ ಒಂದು ಠೀವಿ.

ಆದರೆ ಆ ಫೋನುಗಳಲ್ಲಿ ಮಡಚಿಕೊಳ್ಳುತ್ತಿದ್ದುದು ಕೀಲು ಮಾತ್ರ. ಗಾಜಿನ ಪರದೆ ಒಂದು ಬದಿ, ಗುಂಡಿಗಳು ಇನ್ನೊಂದು ಬದಿ. ಪರದೆ ಬಾಗುವ ಪ್ರಶ್ನೆಯೇ ಇರಲಿಲ್ಲ. 2007ರಲ್ಲಿ ಆಪಲ್ ಕಂಪನಿಯ ಐಫೋನ್ ಬಂದ ಮೇಲೆ ಗುಂಡಿಗಳು ಮಾಯವಾಗಿ, ಮುಂಬದಿಯೆಲ್ಲ ಪರದೆಯೇ ಆಯಿತು. ಅಲ್ಲಿಗೆ ಮಡಚುವ ಫೋನಿನ ಕಾಲ ಮುಗಿಯಿತೆಂದೇ ಎಲ್ಲರೂ ಭಾವಿಸಿದರು. ಯಾವ ಕಂಪನಿಯದೇ ಆಗಲಿ, ಫೋನು ಎಂದರೆ ಸ್ಲೇಟಿನಂತಹ ಒಂದು ಗಾಜಿನ ಹಲಗೆ ಎಂಬಂತಾಯಿತು.

ಹತ್ತು ವರ್ಷ ಈ ಹಲಗೆಯೇ ತಯಾರಕರಿಗೆ ಹಣದ ಹೊಳೆ ಹರಿಸಿತು. ಪರದೆ ವರ್ಷದಿಂದ ವರ್ಷಕ್ಕೆ ದೊಡ್ಡದಾಗುತ್ತ ಹೋಯಿತು. ಆದರೆ ಜೇಬು ದೊಡ್ಡದಾಗಲಿಲ್ಲ, ಅಂಗೈಯೂ ಬೆಳೆಯಲಿಲ್ಲ. ಹಳೆಯ ಫೋನಿಗೂ ಹೊಸ ಫೋನಿಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣದೆ ಜನ ಹಳೆಯದನ್ನೇ ಇನ್ನೊಂದೆರಡು ವರ್ಷ ಬಳಸತೊಡಗಿದರು. 2018ರಲ್ಲಿ ಜಗತ್ತಿನಾದ್ಯಂತ ಮಾರಾಟಕ್ಕೆ ಹೋದ ಸ್ಮಾರ್ಟ್‌ಫೋನುಗಳ ಸಂಖ್ಯೆ ಸುಮಾರು 140 ಕೋಟಿ. ಇದು ಹಿಂದಿನ ವರ್ಷಕ್ಕಿಂತ ಶೇಕಡಾ 4ರಷ್ಟು ಕಡಿಮೆ. ಗಿರಾಕಿಯನ್ನು ಮತ್ತೆ ಅಂಗಡಿಗೆ ಕರೆತರಲು ಏನಾದರೂ ಹೊಸದು ಬೇಕಾಗಿತ್ತು. ಜೇಬಿನಲ್ಲಿ ಹಿಡಿಸುವ, ಕೈಗೆ ಬಂದರೆ ದೊಡ್ಡದಾಗುವ ಪರದೆ ಆ ಹೊಸದಾಗಬಹುದೆಂಬ ಆಸೆ ಹುಟ್ಟಿತು.

ಪರದೆ ಬಾಗುವುದು ಹೇಗೆ?

ಬಾಗುವ ಪರದೆಯ ಬೇರು ಒಂದು ಫೋಟೊ ಕಂಪನಿಯಲ್ಲಿದೆ ಎಂದರೆ ಅಚ್ಚರಿಯಾಗಬಹುದು. ಅಮೆರಿಕದ ಕೊಡ್ಯಾಕ್ ಕಂಪನಿಯ ವಿಜ್ಞಾನಿಗಳಾದ ಚಿಂಗ್ ಟ್ಯಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್ 1987ರಲ್ಲಿ ಒಂದು ಸಂಶೋಧನೆಯನ್ನು ಪ್ರಕಟಿಸಿದರು. ಇಂಗಾಲ ಆಧಾರಿತ ಕೆಲವು ವಸ್ತುಗಳ ಅತಿ ತೆಳುವಾದ ಪದರಗಳಿಗೆ ವಿದ್ಯುತ್ ಹರಿಸಿದರೆ ಅವು ತಾವೇ ಬೆಳಗುತ್ತವೆ ಎಂಬುದು ಅದರ ಸಾರ. ಇದೇ ಮುಂದೆ ‘ಓಎಲ್‌ಇಡಿ’ ಎಂದು ಹೆಸರಾಯಿತು.

ಅಲ್ಲಿಯವರೆಗೆ ಬಳಕೆಯಲ್ಲಿದ್ದ ಎಲ್‌ಸಿಡಿ ಪರದೆಗೆ ಸ್ವಂತ ಬೆಳಕಿಲ್ಲ. ಅದರ ಬೆನ್ನ ಹಿಂದೆ ದೀಪ ಇರಲೇಬೇಕು, ಎರಡು ಗಾಜಿನ ನಡುವೆ ದ್ರವದ ಪದರವನ್ನು ಸಮಾನ ಅಂತರದಲ್ಲಿ ಹಿಡಿದಿಡಬೇಕು. ಬಾಗಿಸಿದರೆ ಚಿತ್ರ ಕೆಡುತ್ತದೆ. ತಾನೇ ಬೆಳಗುವ ಪದರಕ್ಕೆ ಆ ಕಟ್ಟುಪಾಡಿಲ್ಲ. ಗಾಜಿನ ಬದಲು ಪಾಲಿಇಮೈಡ್ ಎಂಬ, ಬಿಸಿ ತಡೆಯುವ ಪ್ಲಾಸ್ಟಿಕ್ ಹಾಳೆಯ ಮೇಲೆ ಅದನ್ನು ಹರಡಿದರೆ ಇಡೀ ಪರದೆ ಬಾಗುತ್ತದೆ.

ಆದರೆ ಬಾಗುವುದು ಬೇರೆ, ಮಡಚುವುದು ಬೇರೆ. ನೂರು ಹಾಳೆಯ ನೋಟ್‌ಪುಸ್ತಕವೊಂದನ್ನು ಕೈಯಲ್ಲಿ ಹಿಡಿದು ಬಗ್ಗಿಸಿ ನೋಡಿ. ಹಾಳೆಗಳ ಅಂಚುಗಳು ಒಂದರ ಮೇಲೊಂದು ಜಾರಿ ಮೆಟ್ಟಿಲಿನಂತೆ ಕಾಣುತ್ತವೆ. ಅದೇ ಹಾಳೆಗಳನ್ನೆಲ್ಲ ಗೋಂದು ಹಾಕಿ ಅಂಟಿಸಿಬಿಟ್ಟರೆ ಜಾರಲು ಎಡೆಯಿಲ್ಲ. ಆಗ ಹೊರಗಿನ ಹಾಳೆ ಎಳೆದು ಹರಿಯುತ್ತದೆ, ಒಳಗಿನದು ಒತ್ತಿ ಸುಕ್ಕುಗಟ್ಟುತ್ತದೆ. ಫೋನಿನ ಪರದೆಯೂ ಹಾಗೆಯೇ. ಬೆಳಗುವ ಪದರ, ಸ್ಪರ್ಶ ಗ್ರಹಿಸುವ ಪದರ, ರಕ್ಷಣೆಯ ಪದರ ಎಂದು ಹಲವು ತೆಳು ಹಾಳೆಗಳನ್ನು ಪಾರದರ್ಶಕ ಅಂಟಿನಿಂದ ಕೂಡಿಸಿ ಅದನ್ನು ಮಾಡುತ್ತಾರೆ. ಮಡಚುವಾಗ ಪದರಗಳು ಕೂದಲೆಳೆಯಷ್ಟು ಜಾರಬೇಕು, ಬಿಚ್ಚಿದಾಗ ಮತ್ತೆ ಸ್ವಸ್ಥಾನಕ್ಕೆ ಬರಬೇಕು. ದಿನಕ್ಕೆ ನೂರು ಸಲದಂತೆ ಐದು ವರ್ಷ ಮಡಚಿದರೆ ಲೆಕ್ಕ ಎರಡು ಲಕ್ಷದ ಹತ್ತಿರ ಬರುತ್ತದೆ. ಅಷ್ಟು ಸಲ ಮಡಚಿದ ಸೀರೆಯಲ್ಲೂ ಗೆರೆ ಉಳಿಯುತ್ತದೆ. ಪರದೆಯಲ್ಲಿ ಉಳಿಯದಿರುತ್ತದೆಯೇ? ಈ ಗೆರೆಯೇ ಮುಂದೆ ಇಡೀ ಪೈಪೋಟಿಯ ಕೇಂದ್ರವಾಯಿತು.

ಸ್ಯಾಮ್‌ಸಂಗ್ 2013ರ ಜನವರಿಯಲ್ಲಿ ಅಮೆರಿಕದ ಲಾಸ್ ವೇಗಾಸ್ ಪ್ರದರ್ಶನದಲ್ಲಿ ‘ಯೂಮ್’ ಎಂಬ ಹೆಸರಿನಲ್ಲಿ ಬಾಗುವ ಪರದೆಯನ್ನು ತೋರಿಸಿತು. ಅದೇ ವರ್ಷ ಅದರ ‘ಗ್ಯಾಲಕ್ಸಿ ರೌಂಡ್’, ಕೊರಿಯಾದ್ದೇ ಆದ ಎಲ್‌ಜಿ ಕಂಪನಿಯ ‘ಜಿ ಫ್ಲೆಕ್ಸ್’ ಬಂದವು. ಇವು ಕಾರ್ಖಾನೆಯಲ್ಲೇ ಬಾಗಿ ಬಂದ ಫೋನುಗಳೇ ಹೊರತು ಕೈಯಲ್ಲಿ ಮಡಚುವಂಥವಲ್ಲ. 2017ರಲ್ಲಿ ಚೀನಾದ ಝಡ್‌ಟಿಇ ಎರಡು ಬೇರೆ ಬೇರೆ ಪರದೆಗಳನ್ನು ಕೀಲಿನಿಂದ ಜೋಡಿಸಿ ಒಂದು ಫೋನು ತಂದಿತು. ನಡುವೆ ಕಪ್ಪು ಪಟ್ಟಿ ಉಳಿದೇ ಇತ್ತು. ಒಂದೇ ಪರದೆ ನಡುವೆ ಮಡಚಬೇಕು ಎಂಬ ಕನಸು ಕನಸಾಗಿಯೇ ಇತ್ತು.

ಅವಸರದ ವರ್ಷ

ಆ ಕನಸನ್ನು ಮೊದಲು ನನಸಾಗಿಸಿದ ರೊಯೋಲ್‌ನ ಸ್ಥಾಪಕ ಲಿಯು ಝಿಹಾಂಗ್, ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದವರು. ಕಂಪನಿ ಹುಟ್ಟಿದ್ದು 2012ರಲ್ಲಿ. ಚೀನಾದ ಷೆನ್‌ಝೆನ್ ನಗರದಲ್ಲಿ ಅದು ಬಾಗುವ ಪರದೆಗಳ ಸ್ವಂತ ಕಾರ್ಖಾನೆಯನ್ನೇ ಕಟ್ಟಿ, 2018ರ ಜೂನ್‌ನಲ್ಲಿ ಉತ್ಪಾದನೆ ಆರಂಭಿಸಿತ್ತು. ಫ್ಲೆಕ್ಸ್‌ಪೈ ಬಿಚ್ಚಿದಾಗ 7.8 ಅಂಗುಲದ ಪರದೆ, ತೂಕ 320 ಗ್ರಾಂ, ಆರಂಭದ ಬೆಲೆ 8,999 ಯುವಾನ್. ಪರದೆ ಹೊರಮುಖವಾಗಿ ಮಡಚಿಕೊಳ್ಳುತ್ತಿತ್ತು, ಮಡಚಿದಾಗ ನಡುವೆ ದೊಡ್ಡ ಸಂದು ಉಳಿಯುತ್ತಿತ್ತು. ನೋಡಲು ಒರಟಾಗಿತ್ತು, ಸಾಫ್ಟ್‌ವೇರ್ ತಡವರಿಸುತ್ತಿತ್ತು. ಆದರೂ ‘ಜಗತ್ತಿನಲ್ಲೇ ಮೊದಲು’ ಎಂಬ ಪಟ್ಟ ಅದರದಾಗಿತ್ತು.

ದೊಡ್ಡವರು ಸುಮ್ಮನಿರಲಿಲ್ಲ. 2019ರ ಫೆಬ್ರವರಿ 20ರಂದು ಸ್ಯಾಮ್‌ಸಂಗ್ ‘ಗ್ಯಾಲಕ್ಸಿ ಫೋಲ್ಡ್’ ಅನ್ನು ಘೋಷಿಸಿತು. ಬೆಲೆ 1,980 ಡಾಲರ್, ಮಾರಾಟ ಏಪ್ರಿಲ್ 26ರಿಂದ. ನಾಲ್ಕೇ ದಿನಗಳ ನಂತರ ಸ್ಪೇನ್‌ನ ಬಾರ್ಸಿಲೋನಾದಲ್ಲಿ ಚೀನಾದ ಹುವಾವೆ ಕಂಪನಿ ‘ಮೇಟ್ ಎಕ್ಸ್’ ಅನ್ನು ಮುಂದಿಟ್ಟಿತು. ಬೆಲೆ 2,299 ಯೂರೊ.

ಈ ಎರಡು ಫೋನುಗಳದು ಎರಡು ಸಿದ್ಧಾಂತ. ಸ್ಯಾಮ್‌ಸಂಗ್ ಪರದೆ ಪುಸ್ತಕದಂತೆ ಒಳಮುಖವಾಗಿ ಮಡಚಿಕೊಳ್ಳುತ್ತಿತ್ತು. ಮುಚ್ಚಿದಾಗ ಮೃದುವಾದ ಪರದೆ ಒಳಗೆ ಸುರಕ್ಷಿತ. ಆದರೆ ಮಡಿಕೆ ಬಿಗಿಯಾದ್ದರಿಂದ ಗೆರೆ ಎದ್ದು ಕಾಣುತ್ತದೆ, ಹೊರಗೆ ನೋಡಲು ಇನ್ನೊಂದು ಚಿಕ್ಕ ಪರದೆ ಬೇಕು. ಹುವಾವೆಯದು ಹೊರಮುಖದ ಮಡಿಕೆ. ಒಂದೇ ಪರದೆ ಸಾಕು, ತಿರುವು ಸಡಿಲವಾದ್ದರಿಂದ ಗೆರೆ ಕಡಿಮೆ. ಆದರೆ ಉಗುರು ತಾಕಿದರೂ ಗೀರಾಗಬಲ್ಲ ಪ್ಲಾಸ್ಟಿಕ್ ಪರದೆ ಸದಾ ಹೊರಗೆ, ಜೇಬಿನ ಬೀಗದ ಕೈಗೂ ಚಿಲ್ಲರೆಗೂ ಎದುರಾಗಿ. ಯಾವುದು ಸರಿ ಎಂದು ಆಗ ಹೇಳಬಲ್ಲವರು ಯಾರೂ ಇರಲಿಲ್ಲ.

ಏಪ್ರಿಲ್ ಮಧ್ಯಭಾಗದಲ್ಲಿ ಸ್ಯಾಮ್‌ಸಂಗ್ ವಿಮರ್ಶೆಗಾಗಿ ಅಮೆರಿಕದ ಪತ್ರಕರ್ತರಿಗೆ ಕೆಲವು ಫೋನುಗಳನ್ನು ಕೊಟ್ಟಿತು. ಒಂದೆರಡು ದಿನಗಳಲ್ಲೇ ಪರದೆಗಳು ಕೆಡತೊಡಗಿದವು. ಒಂದರಲ್ಲಿ ಅರ್ಧ ಪರದೆ ಕಪ್ಪಾಯಿತು, ಇನ್ನೊಂದರಲ್ಲಿ ಮಿನುಗಾಟ, ಮತ್ತೊಂದರಲ್ಲಿ ಪರದೆಯ ಕೆಳಗೆ ಏನೋ ಸೇರಿ ಉಬ್ಬು. ಕಾರಣಗಳು ಎಷ್ಟು ಸಣ್ಣವೆಂದರೆ, ಕೋಟಿಗಟ್ಟಲೆ ಫೋನು ಮಾಡುವ ಕಂಪನಿ ಅವನ್ನು ಹೇಗೆ ಗಮನಿಸಲಿಲ್ಲ ಎಂದು ಆಶ್ಚರ್ಯವಾಗುತ್ತದೆ. ಪರದೆಯ ಮೇಲಿನ ರಕ್ಷಣಾ ಪದರ ಅಂಚಿನವರೆಗೆ ಮುಟ್ಟಿರಲಿಲ್ಲ. ಅಂಗಡಿಯಲ್ಲಿ ಹೊಸ ಫೋನಿನ ಮೇಲೆ ಅಂಟಿಸಿರುವ ಪ್ಲಾಸ್ಟಿಕ್ ಹಾಳೆ ಅದೆಂದುಕೊಂಡು ಕೆಲವರು ಕಿತ್ತುಹಾಕಿದರು. ಕಿತ್ತ ಕೂಡಲೇ ಪರದೆ ಸತ್ತಿತು. ಮತ್ತೆ, ಕೀಲಿನ ಎರಡು ತುದಿಗಳಲ್ಲಿ ಸಣ್ಣ ಸಂದುಗಳಿದ್ದವು. ಅಲ್ಲಿಂದ ನುಸುಳಿದ ಧೂಳಿನ ಕಣ ಒಳಗಿನಿಂದಲೇ ಪರದೆಯನ್ನು ಒತ್ತುತ್ತಿತ್ತು.

ಕಾರ್ಖಾನೆಯಲ್ಲಿ ಯಂತ್ರದ ಕೈಗಳು ಆ ಫೋನನ್ನು ಎರಡು ಲಕ್ಷ ಸಲ ಮಡಚಿ ಬಿಚ್ಚಿ ಪರೀಕ್ಷಿಸಿದ್ದವು. ಆದರೆ ಯಂತ್ರಕ್ಕೆ ಉಗುರಿಲ್ಲ, ಜೇಬಿಲ್ಲ, ಕುತೂಹಲವೂ ಇಲ್ಲ. ಮನುಷ್ಯನ ಕೈಗೆ ಬಂದಾಗ ಏನಾಗುತ್ತದೆ ಎಂಬುದು ಆ ಪರೀಕ್ಷೆಯಲ್ಲಿ ತಿಳಿಯುವಂತಿರಲಿಲ್ಲ.

ಸ್ಯಾಮ್‌ಸಂಗ್‌ಗೆ ಇದು ಬರಿಯ ಮುಜುಗರವಲ್ಲ, ಹಳೆಯ ಗಾಯಕ್ಕೆ ಬಿದ್ದ ಬರೆ. 2016ರಲ್ಲಿ ಅದರ ‘ಗ್ಯಾಲಕ್ಸಿ ನೋಟ್ 7’ ಫೋನುಗಳ ಬ್ಯಾಟರಿ ಹೊತ್ತಿಕೊಂಡು, 25 ಲಕ್ಷ ಫೋನುಗಳನ್ನು ವಾಪಸು ಕರೆಸಿಕೊಳ್ಳಬೇಕಾಗಿ ಬಂದು, ಕೊನೆಗೆ ಆ ಮಾದರಿಯನ್ನೇ ನಿಲ್ಲಿಸಲಾಗಿತ್ತು. ಆ ನೆನಪು ಇನ್ನೂ ಮಾಸಿರಲಿಲ್ಲ. ಏಪ್ರಿಲ್ 22ರಂದು, ಮಾರಾಟಕ್ಕೆ ನಾಲ್ಕು ದಿನವಿರುವಾಗ, ಕಂಪನಿ ಬಿಡುಗಡೆಯನ್ನು ಮುಂದೂಡಿತು. ಫೋನು ಸಿದ್ಧವಾಗುವ ಮೊದಲೇ ಹೊರತರಲು ಹೊರಟದ್ದು ತಮ್ಮದೇ ತಪ್ಪು, ಅದು ನಾಚಿಕೆಯ ಸಂಗತಿ ಎಂದು ಮೊಬೈಲ್ ವಿಭಾಗದ ಮುಖ್ಯಸ್ಥ ಡಿ.ಜೆ. ಕೋ ಕೆಲ ತಿಂಗಳ ಬಳಿಕ ಒಪ್ಪಿಕೊಂಡರು. ಅಷ್ಟು ದೊಡ್ಡ ಕಂಪನಿಯ ಮುಖ್ಯಸ್ಥರು ಹೀಗೆ ಒಪ್ಪಿಕೊಳ್ಳುವುದು ಅಪರೂಪವೇ.

ರಕ್ಷಣಾ ಪದರವನ್ನು ಚೌಕಟ್ಟಿನ ಅಡಿಗೆ ಚಾಚಿ, ಕೀಲಿನ ಸಂದುಗಳಿಗೆ ಮುಚ್ಚಳ ಹಾಕಿ, ಪರದೆಯ ಬೆನ್ನಿಗೆ ಲೋಹದ ತಗಡು ಸೇರಿಸಿ ಸೆಪ್ಟೆಂಬರ್ 6ರಂದು ಗ್ಯಾಲಕ್ಸಿ ಫೋಲ್ಡ್ ಕೊರಿಯಾದಲ್ಲಿ ಮಾರಾಟಕ್ಕೆ ಬಂತು. ಅಕ್ಟೋಬರ್ 1ರಂದು ಭಾರತಕ್ಕೂ ಬಂತು. ಇಲ್ಲಿ ಅದರ ಬೆಲೆ 1,64,999 ರೂಪಾಯಿ.

ಇತ್ತ ಹುವಾವೆಯ ಕಷ್ಟ ಬೇರೆ ಬಗೆಯದು. 2019ರ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರ ಅದನ್ನು ವ್ಯಾಪಾರ ನಿರ್ಬಂಧದ ಪಟ್ಟಿಗೆ ಸೇರಿಸಿತು. ಅದರ ಹೊಸ ಫೋನುಗಳಿಗೆ ಗೂಗಲ್‌ನ ಸೇವೆಗಳು ಸಿಗದಂತಾದವು. ಮೇಟ್ ಎಕ್ಸ್ ಕೂಡ ಮುಂದೂಡುತ್ತ ಹೋಗಿ ನವೆಂಬರ್ 15ರಂದು ಚೀನಾದಲ್ಲಿ ಮಾತ್ರ, 16,999 ಯುವಾನ್ ಬೆಲೆಗೆ ಮಾರಾಟಕ್ಕೆ ಬಂತು. ಜಗತ್ತನ್ನೇ ಗೆಲ್ಲಲು ಹೊರಟ ಫೋನು ಮನೆಯಂಗಳದಲ್ಲೇ ಉಳಿಯಿತು.

ಹಳೆಯ ಹುಲಿ ಮೊಟೊರೋಲಾ ಆ ಹೊತ್ತಿಗೆ ಚೀನಾದ ಲೆನೊವೊ ಕಂಪನಿಯ ಪಾಲಾಗಿತ್ತು. ಅದು ತನ್ನ ರೇಝರ್ ಹೆಸರಿಗೆ ಮರುಜೀವ ಕೊಟ್ಟು, ಮೇಲಿನಿಂದ ಕೆಳಕ್ಕೆ ಮಡಚುವ ಫೋನನ್ನು 2019ರ ನವೆಂಬರ್‌ನಲ್ಲಿ ಘೋಷಿಸಿತು. ಬೆಲೆ 1,499 ಡಾಲರ್. ಮರುವರ್ಷ ಅಮೆರಿಕದ ಸುದ್ದಿಸಂಸ್ಥೆಯೊಂದು ಅದನ್ನು ಮಡಚುವ ಯಂತ್ರಕ್ಕೆ ಕೊಟ್ಟಾಗ ಸುಮಾರು 27 ಸಾವಿರ ಮಡಿಕೆಗಳಿಗೇ ಕೀಲು ಬಿಗಿದುಕೊಂಡಿತು.

‘ಆತುರಗಾರನಿಗೆ ಬುದ್ಧಿ ಮಟ್ಟ’ ಎಂಬ ಗಾದೆಗೆ ಆ ವರ್ಷಕ್ಕಿಂತ ಒಳ್ಳೆಯ ಉದಾಹರಣೆ ಹುಡುಕುವುದು ಕಷ್ಟ.

ಗಾಜು ಮಡಚಿತು

ಎಡವಿದ ನಂತರ ಏನು ಮಾಡಿದರು ಎಂಬುದೇ ಈ ಕಥೆಯ ಮುಖ್ಯ ಭಾಗ. 2020ರ ಫೆಬ್ರವರಿಯಲ್ಲಿ ಸ್ಯಾಮ್‌ಸಂಗ್ ‘ಗ್ಯಾಲಕ್ಸಿ ಝಡ್ ಫ್ಲಿಪ್’ ತಂದಿತು. ಇದರಲ್ಲಿ ಪ್ಲಾಸ್ಟಿಕ್ ಬದಲು ಮಡಚುವ ಗಾಜಿತ್ತು. ಗಾಜು ಮಡಚುವುದೆಂದರೆ ಕೇಳುವವರಿಗೆ ಇಂದ್ರಜಾಲ. ಆದರೆ ಯಾವ ವಸ್ತುವೇ ಆಗಲಿ, ತೆಳುವಾದಷ್ಟೂ ಬಾಗುತ್ತದೆ. ಈ ಗಾಜಿನ ದಪ್ಪ ಸುಮಾರು 30 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ನೂರರಲ್ಲಿ ಮೂರು ಪಾಲು. ಅದರ ಮೇಲೆ ಪ್ಲಾಸ್ಟಿಕ್ ರಕ್ಷಣಾ ಪದರ ಇದ್ದೇ ಇತ್ತು, ಆದ್ದರಿಂದ ಗೀರು ಬೀಳುವ ಭಯ ಪೂರ್ತಿ ಹೋಗಲಿಲ್ಲ. ಆದರೂ ಪರದೆ ಮೊದಲಿಗಿಂತ ಗಟ್ಟಿಯಾಯಿತು, ಮಡಿಕೆಯ ಗೆರೆ ಸ್ವಲ್ಪ ಮಾಸಿತು.

2021ರ ಆಗಸ್ಟ್‌ನಲ್ಲಿ ಬಂದ ಮೂರನೆಯ ತಲೆಮಾರಿನ ಫೋನುಗಳು ನೀರಿಗೂ ಜಗ್ಗಲಿಲ್ಲ. ಧೂಳಿನ ಕಣಕ್ಕೆ ಸೋತಿದ್ದ ಫೋನು ಎರಡೇ ವರ್ಷದಲ್ಲಿ ಒಂದೂವರೆ ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಬದುಕುವಷ್ಟು ಸುಧಾರಿಸಿತ್ತು. ಚಿಕ್ಕ ಮಾದರಿ ‘ಫ್ಲಿಪ್ 3’ರ ಬೆಲೆ 999 ಡಾಲರಿಗೆ ಇಳಿಯಿತು. ಮಡಚುವ ಫೋನು ಪ್ರದರ್ಶನದ ವಸ್ತುವಿನಿಂದ ಅಂಗಡಿಯ ಸರಕಾದದ್ದು ಆಗಲೇ ಎನ್ನಬಹುದು. ಅದೇ ವರ್ಷ ಹುವಾವೆ ತನ್ನ ‘ಮೇಟ್ ಎಕ್ಸ್ 2’ರಲ್ಲಿ ಹೊರಮುಖದ ಮಡಿಕೆಯನ್ನು ಬಿಟ್ಟು ಒಳಮುಖಕ್ಕೆ ಬಂತು. ಸಿದ್ಧಾಂತದ ಜಗಳದಲ್ಲಿ ಹೆಚ್ಚಿನವರು ಸ್ಯಾಮ್‌ಸಂಗ್ ಹಾದಿಯನ್ನೇ ಹಿಡಿದರು.

ಈ ಪೈಪೋಟಿಯ ಇನ್ನೊಂದು ಮುಖವನ್ನೂ ಗಮನಿಸಬೇಕು. ಪರದೆ ತಯಾರಿಸುವ ಸ್ಯಾಮ್‌ಸಂಗ್ ಡಿಸ್‌ಪ್ಲೇ ಸೋದರ ಕಂಪನಿಗೆ ಮಾತ್ರವಲ್ಲ, ಅದರ ಎದುರಾಳಿಗಳಿಗೂ ಪರದೆ ಮಾರುತ್ತದೆ. ಚೀನಾದ ಬಿಒಇ ಕಂಪನಿ ಹುವಾವೆಯಂಥವರಿಗೆ ಪರದೆ ಕೊಟ್ಟು ಕೊರಿಯಾದ ಹಿಡಿತವನ್ನು ಸಡಿಲಿಸಲು ಹೊರಟಿತು. ಪೈಪೋಟಿ ಅಂಗಡಿಯಲ್ಲಷ್ಟೇ ಅಲ್ಲ, ನ್ಯಾಯಾಲಯದಲ್ಲೂ ನಡೆಯಿತು. 2018ರ ನವೆಂಬರ್‌ನಲ್ಲಿ ಕೊರಿಯಾದ ಸುವಾನ್ ನಗರದ ಪ್ರಾಸಿಕ್ಯೂಟರುಗಳು, ಸ್ಯಾಮ್‌ಸಂಗ್‌ಗೆ ಯಂತ್ರೋಪಕರಣ ಪೂರೈಸುತ್ತಿದ್ದ ಕಂಪನಿಯೊಂದರ ಮುಖ್ಯಸ್ಥ ಹಾಗೂ ಸಿಬ್ಬಂದಿಯ ಮೇಲೆ ಬಾಗುವ ಪರದೆಯ ಗುಟ್ಟನ್ನು ಚೀನಾದ ಕಂಪನಿಗಳಿಗೆ ಮಾರಿದ ಆರೋಪ ಹೊರಿಸಿದರು. 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಮುಖ್ಯಸ್ಥನ ಜೈಲು ಶಿಕ್ಷೆಯನ್ನು ಎತ್ತಿಹಿಡಿಯಿತು. ಒಂದು ಹಾಳೆ ಪರದೆಯ ಹಿಂದೆ ಒಂದು ದೇಶದ ಉದ್ಯಮದ ಅಳಿವು ಉಳಿವಿನ ಪ್ರಶ್ನೆ ಇತ್ತು ಎಂಬುದಕ್ಕೆ ಇದು ಸಾಕ್ಷಿ.

ಹಿಂದೆ ಬಂದವರ ಮುನ್ನಡೆ

2021ರ ಡಿಸೆಂಬರ್‌ನಲ್ಲಿ ಚೀನಾದ ಒಪ್ಪೊ ಕಂಪನಿ ‘ಫೈಂಡ್ ಎನ್’ ತಂದಿತು. ಮಡಚುವ ಜಾಗದಲ್ಲಿ ಪರದೆಯನ್ನು ಬಿಗಿಯಾಗಿ ಒತ್ತುವ ಬದಲು, ಕೀಲಿನ ಒಳಗೆ ನೀರ ಹನಿಯ ಆಕಾರದಲ್ಲಿ ಸಡಿಲವಾಗಿ ಸುತ್ತಲು ಬಿಡುವ ಉಪಾಯ ಅದರದು. ಮೊಟೊರೋಲಾ ಮೊದಲೇ ಈ ದಾರಿ ಹಿಡಿದಿತ್ತು, ಒಪ್ಪೊ ಅದನ್ನು ದೊಡ್ಡ ಫೋನಿಗೆ ಒಗ್ಗಿಸಿತು. ಎರಡು ಲಾಭವಾದವು. ಗೆರೆ ಬಹಳಷ್ಟು ಮಾಸಿತು, ಮಡಚಿದಾಗ ಎರಡು ಹೋಳುಗಳು ಸಂದಿಲ್ಲದೆ ಕೂಡಿಕೊಂಡವು. ಸ್ಯಾಮ್‌ಸಂಗ್ ಫೋನುಗಳಲ್ಲಿ ಮಡಚಿದಾಗ ಕೀಲಿನ ಬಳಿ ಉಳಿಯುತ್ತಿದ್ದ ಸಂದು ಮುಚ್ಚಿದ್ದು 2023ರ ಜುಲೈನಲ್ಲಿ, ‘ಫೋಲ್ಡ್ 5’ ಬಂದಾಗ. ಗುರುವನ್ನೇ ಶಿಷ್ಯರು ಹಿಂದಿಕ್ಕತೊಡಗಿದ್ದರು.

ಶಓಮಿ, ವಿವೊ, ಆನರ್ ಎಲ್ಲರೂ ಕಣಕ್ಕಿಳಿದರು. ಗೂಗಲ್ 2023ರ ಮೇ ತಿಂಗಳಲ್ಲಿ ‘ಪಿಕ್ಸೆಲ್ ಫೋಲ್ಡ್’ ತಂದಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಒನ್‌ಪ್ಲಸ್ ತನ್ನ ಮೊದಲ ಮಡಚುವ ಫೋನನ್ನು ಬಿಡುಗಡೆ ಮಾಡಲು ಮುಂಬೈಯನ್ನು ಆರಿಸಿಕೊಂಡಿತು.

ಈಗ ಪೈಪೋಟಿಯ ವಿಷಯ ಬದಲಾಗಿತ್ತು. ಮಡಚುತ್ತದೆಯೇ ಎಂದು ಕೇಳುವವರು ಯಾರೂ ಇರಲಿಲ್ಲ, ಎಷ್ಟು ತೆಳ್ಳಗೆ ಎಂದು ಕೇಳುತ್ತಿದ್ದರು. ಮೊದಲ ಗ್ಯಾಲಕ್ಸಿ ಫೋಲ್ಡ್ ಮಡಚಿದಾಗ ಕೀಲಿನ ಬಳಿ 17 ಮಿಲಿಮೀಟರ್ ದಪ್ಪ, 276 ಗ್ರಾಂ ತೂಕ. 2023ರಲ್ಲಿ ಆನರ್‌ನ ‘ಮ್ಯಾಜಿಕ್ ವಿ 2’ ಅದನ್ನು 9.9 ಮಿಲಿಮೀಟರಿಗೆ ಇಳಿಸಿತು. 2025ರ ಫೆಬ್ರವರಿಯಲ್ಲಿ ಒಪ್ಪೊ 8.93ಕ್ಕೆ ಬಂತು. ಜುಲೈನಲ್ಲಿ ಸ್ಯಾಮ್‌ಸಂಗ್‌ನ ‘ಫೋಲ್ಡ್ 7’ 8.9 ಮಿಲಿಮೀಟರಿಗೂ 215 ಗ್ರಾಂಗೂ ಇಳಿಯಿತು. ಅದೇ ತಿಂಗಳು ಆನರ್ 8.8 ಎಂದಿತು. ಮಿಲಿಮೀಟರಿನ ಹತ್ತನೇ ಒಂದು ಪಾಲಿಗಾಗಿ ಇಷ್ಟೊಂದು ಗುದ್ದಾಟ! ಆದರೆ ಇದರ ಲಾಭ ಬಳಕೆದಾರನಿಗೇ ಸಿಕ್ಕಿತು. ಆರು ವರ್ಷಗಳಲ್ಲಿ ಮಡಚುವ ಫೋನಿನ ದಪ್ಪ ಹೆಚ್ಚುಕಡಿಮೆ ಅರ್ಧವಾಗಿ, ಸಾಮಾನ್ಯ ಫೋನಿನ ಹತ್ತಿರಕ್ಕೆ ಬಂತು.

ನಿರ್ಬಂಧದಿಂದ ಸೊರಗಿದ್ದ ಹುವಾವೆ 2023ರಲ್ಲಿ ಚೀನಾದಲ್ಲೇ ತಯಾರಾದ ಚಿಪ್‌ಗಳೊಂದಿಗೆ ಮರಳಿತು. 2024ರ ಮೊದಲ ಮೂರು ತಿಂಗಳಲ್ಲಿ ಜಗತ್ತಿನ ಮಡಚುವ ಫೋನುಗಳಲ್ಲಿ ಶೇಕಡಾ 35 ಹುವಾವೆಯವು, ಶೇಕಡಾ 23 ಸ್ಯಾಮ್‌ಸಂಗ್‌ನವು ಎಂದು ಕೌಂಟರ್‌ಪಾಯಿಂಟ್ ಎಂಬ ಮಾರುಕಟ್ಟೆ ಸಮೀಕ್ಷಾ ಸಂಸ್ಥೆ ಲೆಕ್ಕ ಕೊಟ್ಟಿತು. ಕೊರಿಯಾದ ದೊರೆಯನ್ನು ಮೊದಲ ಬಾರಿಗೆ ಚೀನಾದ ಕಂಪನಿ ಹಿಂದಿಕ್ಕಿತ್ತು. ಆ ವರ್ಷ ಸೆಪ್ಟೆಂಬರ್ 10ರಂದು, ಆಪಲ್ ತನ್ನ ಹೊಸ ಐಫೋನುಗಳನ್ನು ತೋರಿಸಿದ ಮರುದಿನವೇ, ಹುವಾವೆ ‘ಮೇಟ್ ಎಕ್ಸ್‌ಟಿ’ಯನ್ನು ಹೊರತಂದಿತು. ಎರಡು ಕೀಲು, ಮೂರು ಹೋಳು. ಪೂರ್ತಿ ಬಿಚ್ಚಿದರೆ 10.2 ಅಂಗುಲದ ಪರದೆ. ಬೆಲೆ 19,999 ಯುವಾನ್‌ನಿಂದ ಆರಂಭ. 2025ರ ಡಿಸೆಂಬರ್‌ನಲ್ಲಿ ಸ್ಯಾಮ್‌ಸಂಗ್ ಕೂಡ ಮೂರು ಹೋಳಿನ ಫೋನನ್ನು ತಂದು ಉತ್ತರ ಕೊಟ್ಟಿತು.

ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ ಮಡಚುವ ಹುವಾವೆಯ ಆ ಫೋನನ್ನು ಕಂಡರೆ ಕನ್ನಡಿಗರಿಗೆ ಕಡತದ ನೆನಪಾಗದಿರದು. ಇಂದು ಕಚೇರಿಯ ಫೈಲಿಗೆ ಕಡತ ಎನ್ನುತ್ತೇವೆ. ಹಿಂದೆ ಕಡತ ಎಂದರೆ ಹುಣಸೆ ಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಗಟ್ಟಿ ಮಾಡಿದ ಉದ್ದನೆಯ ಬಟ್ಟೆ. ವರ್ತಕರು ಅದರ ಮೇಲೆ ಬಳಪದಿಂದ ಲೆಕ್ಕ ಬರೆದು, ಹಿಂದೆ ಮುಂದೆ ಮಡಚಿ ಇಡುತ್ತಿದ್ದರು. ಬರೆಯಲು ಜಾಗ ದೊಡ್ಡದಿರಬೇಕು, ಒಯ್ಯಲು ಚಿಕ್ಕದಾಗಬೇಕು ಎಂಬ ಬಯಕೆ ಮನುಷ್ಯನಿಗೆ ಹೊಸತಲ್ಲ.

ಗೆದ್ದವರು ಯಾರು?

ಲೆಕ್ಕ ಹಾಕಿದರೆ ಈ ಓಟದ ಫಲಿತಾಂಶ ಮಿಶ್ರವಾಗಿದೆ. ಮೊದಲ ಪಟ್ಟ ಗಿಟ್ಟಿಸಿದ ರೊಯೋಲ್ 2020ರಲ್ಲಿ ಎರಡನೆಯ ಫೋನನ್ನೂ ತಂದಿತು, ಆದರೆ ಕೊಳ್ಳುವವರು ಸಾಕಷ್ಟು ಸಿಗಲಿಲ್ಲ. 2021ರಲ್ಲಿ ಷೇರುಪೇಟೆಗೆ ಬರುವ ಯತ್ನವನ್ನು ಕೈಬಿಟ್ಟಿತು, ನೌಕರರ ಸಂಬಳ ಬಾಕಿ ಬಿದ್ದಿತು, 2024ರಲ್ಲಿ ನ್ಯಾಯಾಲಯದಲ್ಲಿ ದಿವಾಳಿಯ ಪ್ರಕ್ರಿಯೆ ಆರಂಭವಾಯಿತು. ಎಲ್‌ಜಿ 2021ರ ಜನವರಿಯಲ್ಲಿ ಚಾಪೆಯಂತೆ ಸುರುಳಿಯಿಂದ ಹೊರಬರುವ ಪರದೆಯ ಫೋನನ್ನು ತೋರಿಸಿ ಎಲ್ಲರನ್ನೂ ಬೆರಗುಗೊಳಿಸಿತು. ಏಪ್ರಿಲ್‌ನಲ್ಲಿ ಮೊಬೈಲ್ ವ್ಯವಹಾರವನ್ನೇ ಮುಚ್ಚುವುದಾಗಿ ಸಾರಿತು. ಆ ಫೋನು ಅಂಗಡಿಗೆ ಬರಲೇ ಇಲ್ಲ.

ಹಾಗೆಂದು ಉಳಿದವರು ಮಾರುಕಟ್ಟೆಯನ್ನು ಗೆದ್ದರೆಂದೂ ಅಲ್ಲ. ಜಗತ್ತಿನಲ್ಲಿ ವರ್ಷಕ್ಕೆ 120 ಕೋಟಿಯಷ್ಟು ಸ್ಮಾರ್ಟ್‌ಫೋನುಗಳು ಮಾರಾಟವಾದರೆ, 2023 ಮತ್ತು 2024ರ ಲೆಕ್ಕದಂತೆ ಅವುಗಳಲ್ಲಿ ಮಡಚುವ ಫೋನುಗಳು ನೂರಕ್ಕೆ ಎರಡನ್ನೂ ಮುಟ್ಟಲಿಲ್ಲ. ಬೆಲೆಯೇ ಇದಕ್ಕೆ ಮೊದಲ ಕಾರಣ. ಭಾರತದಲ್ಲಿ 2019ರಲ್ಲಿ 1,64,999 ರೂಪಾಯಿ ಇದ್ದ ಸ್ಯಾಮ್‌ಸಂಗ್ ಫೋಲ್ಡ್ 2025ರಲ್ಲಿ 1,74,999ಕ್ಕೆ ಬಂತು. ತೂಕ ಇಳಿಯಿತು, ದಪ್ಪ ಇಳಿಯಿತು, ಬೆಲೆ ಇಳಿಯಲಿಲ್ಲ. 2023ರಲ್ಲಿ ಟೆಕ್ನೊ ಎಂಬ ಕಂಪನಿ ಪುಸ್ತಕದಂತೆ ತೆರೆಯುವ ಫೋನನ್ನು 88,888 ರೂಪಾಯಿಗೆ ತಂದದ್ದೇ ಆಗ ಅಗ್ಗ ಎನಿಸಿತ್ತು. ಒಳಪರದೆ ಒಡೆದರೆ ರಿಪೇರಿಗೆ ತಗಲುವ ಹಣದಲ್ಲಿ ಒಂದು ಒಳ್ಳೆಯ ಸಾಮಾನ್ಯ ಫೋನೇ ಬರುತ್ತದೆ.

ಕರ್ನಾಟಕಕ್ಕೂ ಈ ಕಥೆಯಲ್ಲಿ ಒಂದು ಪಾಲಿದೆ. ಸ್ಯಾಮ್‌ಸಂಗ್‌ನ ಬೆಂಗಳೂರು ಸಂಶೋಧನಾ ಕೇಂದ್ರ ಆರಂಭವಾದದ್ದು 1996ರಲ್ಲಿ, ಅಂದರೆ ಮೊಟೊರೋಲಾದ ಕಪ್ಪೆಚಿಪ್ಪಿನ ಫೋನು ಬಂದ ವರ್ಷದಲ್ಲೇ. 2025ರ ಮಡಚುವ ಫೋನುಗಳು ಭಾರತದಲ್ಲಿ ನೊಯಿಡಾದ ಕಾರ್ಖಾನೆಯಲ್ಲಿ ತಯಾರಾದವು, ಅವುಗಳ ಅಭಿವೃದ್ಧಿಯಲ್ಲಿ ಬೆಂಗಳೂರಿನ ಎಂಜಿನಿಯರುಗಳ ಕೈಯೂ ಇತ್ತು.

2025ರ ಕೊನೆಯವರೆಗೆ ಈ ಕಣಕ್ಕೆ ಇಳಿಯದೆ ದೂರದಿಂದ ನೋಡುತ್ತಿದ್ದ ದೊಡ್ಡ ಕಂಪನಿ ಒಂದೇ, ಆಪಲ್. ಬೇರೆಯವರ ಹಣದಲ್ಲಿ ನಡೆದ ಪ್ರಯೋಗಗಳನ್ನು ಏಳು ವರ್ಷ ನೋಡುತ್ತ ಕೂರುವುದೂ ಪೈಪೋಟಿಯ ಒಂದು ಪಟ್ಟೇ ಇರಬಹುದು.

ಹೊಸ ವಸ್ತುವೊಂದರ ಚರಿತ್ರೆ ಬರೆಯುವಾಗ ಮೊದಲಿಗರ ಹೆಸರನ್ನು ಮೊದಲ ಸಾಲಿನಲ್ಲಿ ಬರೆಯುವುದು ವಾಡಿಕೆ. ಮಡಚುವ ಫೋನಿನ ಚರಿತ್ರೆಯಲ್ಲೂ ರೊಯೋಲ್ ಹೆಸರು ಹಾಗೆ ಉಳಿಯುತ್ತದೆ. ಆದರೆ ಜನರ ಜೇಬಿನಲ್ಲಿ ಉಳಿದದ್ದು, ಕೆಟ್ಟ ಪರದೆಯನ್ನು ವಾಪಸು ತರಿಸಿ, ಸಂದಿಗೆ ಮುಚ್ಚಳ ಹಾಕಿ, ಗೆರೆಯನ್ನು ವರ್ಷಕ್ಕಿಷ್ಟು ಎಂದು ಸವೆಸುತ್ತ ಬಂದವರ ಫೋನು. ಅವುಗಳಲ್ಲೂ ಗೆರೆ ಪೂರ್ತಿ ಅಳಿಸಿಲ್ಲ. ಬಿಚ್ಚಿದ ಪರದೆಯ ನಡುವೆ ಬೆರಳಾಡಿಸಿದರೆ ಅದು ಇನ್ನೂ ತಗಲುತ್ತದೆ.